ಮುಟ್ಟಿ ನೋಡದೆ ಸಂತೆ ಮಾಡುವುದು ಹೇಗೆ?

ಕಳೆದ ಭಾನುವಾರ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗದಲ್ಲಿ ನಡೆಯುತ್ತಿರುವ ಶಿಲ್ಪಕಲಾ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಮಲೆನಾಡಿನವರೇ ಆದ ಯುವ ಶಿಲ್ಪಿಯೊಬ್ಬರು ನಮ್ಮ ಸಂತೆ, ಬೀದಿಬದಿಯ ವ್ಯಾಪಾರ ಮತ್ತು ಊಟತಿಂಡಿಗಳನ್ನೇ ವಸ್ತುವಾಗಿಸಿಕೊಂಡು ಮಾಡಿದ ಕೃತಿಗಳು ಅಲ್ಲಿವೆ. ಒಳಗೆ ಕಾಲಿಟ್ಟು ಐದು ನಿಮಿಷವೂ ಆಗಿರಲಿಲ್ಲ, ಕಂಚಿನ ಕಳಲೆಯೊಂದರ, ಅಂದರೆ ಬಿದಿರಿನ ಎಳೆಯ ಮೊಳಕೆಯ ಶಿಲ್ಪದ ಮುಂದೆ ನಿಂತ ಅಮ್ಮ ಕೈ ಮುಂದೆ ಚಾಚಿದರು. ‘ಅಮ್ಮಾ, ಮುಟ್ಟಬಾರದು’ ಎಂದು ನೋಡಿಕೊಳ್ಳಲು ನಿಂತಿದ್ದ ಹುಡುಗ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದ. ಅಮ್ಮ ಕೈ ಹಿಂದೆಗೆದುಕೊಂಡು, ‘ಎಳೇದೋ ಬಲ್ತಿದ್ದೋ ನೋಡೋಣ ಅಂತ’ ಎಂದರು. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ಆ ಕಳಲೆಯನ್ನು ಮಾಡಿದ ಬಗೆಯನ್ನು ಹೇಳಲೇಬೇಕು. ಸಾಮಾನ್ಯವಾಗಿ ಕಂಚಿನ ಎರಕಕ್ಕೆ ಮೊದಲು ಮೇಣದಲ್ಲಿ ಆಕೃತಿ ಮಾಡಿ, ಅದರ ಸುತ್ತ ಮಣ್ಣು ಮೆತ್ತಿ ಒಣಗಿಸಿ, ಸುಟ್ಟಾಗ ಮೇಣ ಕರಗಿ ಹರಿದುಹೋದ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಇಲ್ಲಿ ಮೇಣದ ಬದಲು ನಿಜವಾದ ಕಳಲೆಯನ್ನೇ, ಉಪ್ಪಿನಕಾಯಿಗೆ ಹಾಕುವ ಎಳೆ ಮಾವಾದ ಅಪ್ಪೆಮಿಡಿಯ ನಿಜವಾದ ಗೊಂಚಲನ್ನೇ ಅಚ್ಚಿನೊಳಗಿಟ್ಟು ಸುಟ್ಟಿದ್ದಾರೆ. ಕಾಯಿ ಬೂದಿಯಾಗಿದೆ, ಬೂದಿ ತೆಗೆದ ಜಾಗದಲ್ಲಿ ಕಂಚು ಬಂದು ಕೂತಿದೆ. ಹಾಗಾಗಿ ಕಳಲೆಯ ಸಿಪ್ಪೆಯ ಮೇಲಿನ ಸಣ್ಣ ರೋಮ, ಮಿಡಿಯ ತೊಟ್ಟಿನ ಬಳಿ ಒಣಗಿದ ಸೊನೆಯ ಗೆರೆ, ಹುಳು ಕೊರೆದ ಒಂದು ತೂತು, ಎಲ್ಲವೂ ಇದ್ದಂತೆಯೇ ಉಳಿದಿವೆ. ಬೇಸಿಗೆಯ ಮಿಡಿ ಮತ್ತು ಮಳೆಗಾಲದ ಕಳಲೆ ಒಂದೇ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಕೂತಿರುವುದನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಯಾವ ಸಂತೆಯಲ್ಲೂ ಅವು ಹಾಗೆ ಜೊತೆಯಾಗುವುದಿಲ್ಲ.

ಸಂತೆಗೆ ಬಂದ ಹೆಂಗಸರ ಶಿಲ್ಪಗಳು ಜಂಬಿಟ್ಟಿಗೆಯವು. ಅವಕ್ಕೆ ಮುಖಗಳಿಲ್ಲ. ಮೊಣಕಾಲ ಮೇಲೆ ಮೊಣಕೈಯೂರಿ ಕುಕ್ಕರುಗಾಲಿನಲ್ಲಿ ಕೂತ ಭಂಗಿಯೊಂದೇ ಸಾಕು, ಬೆಳಗಿನಿಂದ ಸಂಜೆಯವರೆಗೆ ಮಳೆಯಲ್ಲಿ ಗೋಣಿಚೀಲ ಹೊದ್ದು ಕೂತವರೆಂದು ತಿಳಿಯುತ್ತದೆ. ಬಂಗಾಳದ ಶಿಲ್ಪಿ ರಾಮಕಿಂಕರ್ ಬೈಜ್ ಅವರು 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ನಿಲ್ಲಿಸಿದ ಸಂತಾಲ ಬುಡಕಟ್ಟಿನ ಕುಟುಂಬದ ಶಿಲ್ಪವೂ ಸಿಮೆಂಟು ಮತ್ತು ಜಂಬಿಟ್ಟಿಗೆಯ ಹರಳುಗಳಿಂದಲೇ ಆದದ್ದು. ಸಾಮಾನು ಹೊತ್ತು ನಡೆಯುತ್ತಿರುವ ಆ ಮಂದಿಯನ್ನು ಅವರು ಕಾಲಡಿಯ ನೆಲದ ಕಲ್ಲಿನಲ್ಲೇ ರೂಪಿಸಿದರು. ನಮ್ಮ ಮನೆಗಳ ಗೋಡೆಯೂ, ತೋಟದ ಅಗಳಿನ ದಂಡೆಯೂ ಅದೇ ಕಲ್ಲು ತಾನೇ? ಈ ಶಿಲ್ಪಿಗೆ ಆ ಕಲ್ಲಿನ ಗುಣ ಗೊತ್ತಿದೆ.

ಆದರೆ ಬಣ್ಣ ಬಳಿದ ಫೈಬರ್‌ನ ದೊಡ್ಡ ಮಿರ್ಚಿ ಮತ್ತು ಮಂಡಕ್ಕಿಯ ಪೊಟ್ಟಣ ನನಗೆ ಹಿಡಿಸಲಿಲ್ಲ. ಅಮೆರಿಕದ ಶಿಲ್ಪಿ ಕ್ಲೇಸ್ ಓಲ್ಡನ್‌ಬರ್ಗ್ 1961ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಂಗಡಿಯನ್ನೇ ಬಾಡಿಗೆಗೆ ಹಿಡಿದು, ಪ್ಲಾಸ್ಟರಿನಲ್ಲಿ ಮಾಡಿ ಬಣ್ಣ ಬಳಿದ ತಿಂಡಿಗಳನ್ನೂ ಬಟ್ಟೆಬರೆಗಳನ್ನೂ ಅಲ್ಲಿಯೇ ಮಾರಿದರು. ಅಲ್ಲಿ ಅಂಗಡಿಯೂ ಕೃತಿಯ ಭಾಗವಾಗಿತ್ತು. ಇಲ್ಲಿ ಗಾತ್ರ ಮಾತ್ರ ಉಳಿದಿದೆ, ಎಣ್ಣೆಯ ಬಿಸಿಯೂ ಇಲ್ಲ, ಕೊಳ್ಳುವವರ ಗದ್ದಲವೂ ಇಲ್ಲ.

ಮತ್ತೆ ಅಮ್ಮನ ಕೈಯ ವಿಷಯಕ್ಕೆ ಬರುತ್ತೇನೆ. ಸಂತೆಯಲ್ಲಿ ಯಾರೂ ಬರಿಗಣ್ಣಿನಿಂದ ಕೊಳ್ಳುವುದಿಲ್ಲ. ಬೆಂಡೆಕಾಯಿಯ ತುದಿಯನ್ನು ಮುರಿದು ನೋಡುತ್ತಾರೆ, ಹಲಸನ್ನು ತಟ್ಟಿ ಕಿವಿಗೊಡುತ್ತಾರೆ, ಕಳಲೆಗೆ ಉಗುರು ಊರುತ್ತಾರೆ. ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆಯನ್ನು ಮೂಸಿ, ಜೀರಿಗೆಯ ಪರಿಮಳವಿದ್ದರೆ ಮಾತ್ರ ಉಪ್ಪಿನಕಾಯಿಗೆ ಆರಿಸುವವರು ನಮ್ಮ ಮನೆಯಲ್ಲೇ ಇದ್ದಾರೆ. ಕಾಯಿಯೊಳಗೆ ಏನಿದೆಯೆಂದು ಕೈಯಿಂದ, ಮೂಗಿನಿಂದ ತಿಳಿಯುವ ಈ ವಿದ್ಯೆ ಸಂತೆಯ ಜೀವಾಳ. ಅದನ್ನೇ ವಸ್ತುವಾಗಿಸಿಕೊಂಡ ಪ್ರದರ್ಶನದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಇರಬಾರದಿತ್ತು ಎಂಬುದೇ ನನ್ನ ಖಚಿತವಾದ ಅಭಿಪ್ರಾಯ.

ಬೆವರು ತಗುಲಿದರೆ ಕಂಚಿನ ಮೇಲ್ಮೈಯ ಬಣ್ಣ ಕೆಡುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಬಯಲಿನಲ್ಲಿ ನಿಲ್ಲುವ ಕಂಚಿನ ಶಿಲ್ಪಗಳಿಗೆ ಮೇಣದ ಲೇಪ ಕೊಟ್ಟು, ಸವೆದಾಗ ಮತ್ತೆ ಕೊಡುವ ರೂಢಿ ಇದ್ದೇ ಇದೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2015ರಲ್ಲಿ ಕಣ್ಣು ಕಾಣದವರಿಗಾಗಿ ಪ್ರತಿಕೃತಿಗಳನ್ನು ಮುಟ್ಟಿ ನೋಡುವ ‘ಅನುಭವ್’ ಗ್ಯಾಲರಿಯನ್ನು ತೆರೆಯಿತು. ಎಲ್ಲವನ್ನೂ ಕೈಗೆ ಕೊಡಲಾಗದಿದ್ದರೆ ಬೇಡ, ಪ್ರತಿ ಮೇಜಿನಲ್ಲಿ ಒಂದನ್ನಾದರೂ ಕೊಡಬಹುದು.

ನಮ್ಮ ನೆಲದಲ್ಲೇ ಇದಕ್ಕೆ ದಾರಿ ಇದೆ. ಸಾಗರ, ಸೊರಬದ ಕಡೆಯ ದೀವರು ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಮುಂಚೆ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಎಷ್ಟೋ ದಿನ ಕೂತು ಬರೆದ ಆ ಭೂಮಣ್ಣಿ ಬುಟ್ಟಿಯನ್ನು ಗೋಡೆಗೆ ತೂಗುಹಾಕುವುದಿಲ್ಲ. ಹಲವು ಬಗೆಯ ಸೊಪ್ಪು ಬೆರೆಸಿ ಬೇಯಿಸಿದ ಚರುವನ್ನೂ ಕಡುಬನ್ನೂ ಅದರಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ತೆನೆಯಾಗುತ್ತಿರುವ ಗದ್ದೆಗೆ ಒಯ್ದು ಭೂಮಿತಾಯಿಗೆ ಬಡಿಸುತ್ತಾರೆ. ಆ ಬುಟ್ಟಿಗೆ ಅನ್ನದ ಬಿಸಿ ತಾಗುತ್ತದೆ, ಇಬ್ಬನಿ ತಾಗುತ್ತದೆ, ಹೊತ್ತವರ ಕೈ ತಾಗುತ್ತದೆ. ಅನ್ನವನ್ನು ಕುರಿತ ಕಲೆ ನಮ್ಮಲ್ಲಿ ಹೀಗೆ ಬಳಕೆಯಲ್ಲಿಯೇ ಬದುಕಿದೆ. ಈ ಶಿಲ್ಪಿಯ ಕಂಚಿನ ಕಳಲೆಯನ್ನು ಆ ಬುಟ್ಟಿಯ ಬಂಧುವೆಂದೇ ನಾನು ನೋಡುತ್ತೇನೆ, ಹಾಗಾಗಿಯೇ ಅದನ್ನು ಹಗ್ಗ ಕಟ್ಟಿ ದೂರ ಇಟ್ಟದ್ದಕ್ಕೆ ಇಷ್ಟು ನೋವಾಯಿತು.

ಶಿಲ್ಪಿ ಅಲ್ಲಿಯೇ ಇದ್ದರು. ಇದನ್ನೆಲ್ಲ ಅವರಿಗೆ ಹೇಳಿದೆ. ಫಲಕ ತಮ್ಮದಲ್ಲ, ಸಭಾಂಗಣದವರ ನಿಯಮ ಎಂದರು. ಬಳಿಕ ಅಮ್ಮನ ಹತ್ತಿರ ಬಂದು, ಕಳಲೆಯನ್ನು ಎಷ್ಟು ದಿನ ನೀರಿನಲ್ಲಿಡುತ್ತೀರಿ ಎಂದು ಕೇಳಿದರು. ಅಮ್ಮ ಮೂರು ಬೆರಳು ತೋರಿಸಿ, ದಿನಾ ನೀರು ಬದಲಿಸಬೇಕು, ಇಲ್ಲದಿದ್ದರೆ ಕಹಿಯೂ ನಂಜೂ ಹೋಗುವುದಿಲ್ಲ ಎಂದು ವಿವರಿಸಿದರು. ಇಬ್ಬರೂ ಬಹಳ ಹೊತ್ತು ಹಗ್ಗದ ಈಚೆಗೇ ನಿಂತು ಮಾತಾಡಿದರು.

ಬರುವ ದಾರಿಯಲ್ಲಿ ಗಾಂಧಿ ಬಜಾರಿನಲ್ಲಿ ಅಮ್ಮ ಆಟೋ ನಿಲ್ಲಿಸಿ, ನಾಲ್ಕು ಕಳಲೆಗಳಿಗೆ ಉಗುರು ಊರಿ ನೋಡಿ ಎರಡನ್ನು ಕೊಂಡರು. ಹೆಚ್ಚಿ ನೀರಿಗೆ ಹಾಕಿದ್ದಾರೆ. ನಾಳೆ ಮೂರನೆಯ ನೀರು.