ತುಮಕೂರಿನ ಬಾಡಿಗೆದಾರ ಯಾರನ್ನು ಕೇಳಬೇಕು?

ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕುವವರ ಪಾಡು ಬಹಳ ಬದಲಾಗಿದೆ. ವಸಂತನರಸಾಪುರದಲ್ಲಿ 2014ರಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು, ಅದರ ಸುತ್ತ ಕೈಗಾರಿಕೆಗಳು ಹೆಚ್ಚಿದವು, 2023ರಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಲೋಕಾರ್ಪಣೆಯಾಯಿತು. ಬೆಂಗಳೂರಿನ ಬಾಡಿಗೆಯನ್ನು ತಾಳಲಾರದೆ ಇಲ್ಲೇ ಮನೆ ಮಾಡಿಕೊಂಡು ದಿನವೂ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಬರುವವರೂ, ಕಾಲೇಜು ಮತ್ತು ವಿಶ್ವವಿದ್ಯಾಲಯಕ್ಕೆಂದು ಶಿರಾ, ಪಾವಗಡ, ಮಧುಗಿರಿಗಳಿಂದ ಬಂದ ಮಕ್ಕಳೂ ಇದೇ ಮನೆಗಳನ್ನೇ ಹುಡುಕುತ್ತಾರೆ. ಕ್ಯಾತ್ಸಂದ್ರದಿಂದ ಬಟವಾಡಿಯವರೆಗೆ, ಎಸ್.ಎಸ್. ಪುರಂನಿಂದ ಶೆಟ್ಟಿಹಳ್ಳಿಯವರೆಗೆ ಮನೆಯ ಮೇಲೆ ಮನೆ ಏರಿದೆ. ಆದರೂ ಕೈಗೆಟಕುವ ಬಾಡಿಗೆಯ ಮನೆ ಸಿಕ್ಕುವುದು ಕಷ್ಟ, ಸಿಕ್ಕ ಮನೆಯಲ್ಲಿ ತನ್ನ ಹಕ್ಕು ಏನೆಂದು ತಿಳಿದುಕೊಳ್ಳುವುದು ಅದಕ್ಕಿಂತಲೂ ಕಷ್ಟ.

ನಾನು ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ, ಅದೂ ಬಾಡಿಗೆ ಮನೆಗಳಲ್ಲಿ. ಈಗ ಉದ್ಯೋಗದ ಕಾರಣಕ್ಕೆ ಬರ್ಲಿನ್‌ನಲ್ಲಿದ್ದೇನೆ, ಇಲ್ಲಿಯೂ ಬಾಡಿಗೆದಾರನೇ. ಎರಡೂ ಊರುಗಳ ಪದ್ಧತಿಯನ್ನು ಹೋಲಿಸಿ ನೋಡುವಾಗ ನನಗೆ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ. ಜರ್ಮನಿಯ ಕಾನೂನು ನಮ್ಮದಕ್ಕಿಂತ ಎಲ್ಲ ವಿಷಯದಲ್ಲೂ ಮುಂದಿದೆ ಎಂಬುದು ಪೂರ್ತಿ ನಿಜವಲ್ಲ; ಆದರೆ ಬಾಡಿಗೆದಾರನು ತನ್ನ ಕೈಯಲ್ಲಿರುವ ಕಾಗದವನ್ನು ಹಿಡಿದುಕೊಂಡು ಹೋಗಿ ‘ಇದು ಸರಿಯೇ?’ ಎಂದು ಕೇಳಬಹುದಾದ ಒಂದು ಜಾಗ ಅಲ್ಲಿದೆ, ನಮ್ಮಲ್ಲಿ ಇಲ್ಲ.

ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಗಳಲ್ಲಿ ವಾಸಿಸುತ್ತವೆ. ಸ್ವಂತ ಮನೆ ಕಟ್ಟುವ ತನಕ ಹೇಗೋ ಕಳೆಯಬೇಕಾದ ಅವಧಿಯೆಂದು ಅಲ್ಲಿ ಯಾರೂ ಬಾಡಿಗೆಯ ಬದುಕನ್ನು ನೋಡುವುದಿಲ್ಲ. ಹುಟ್ಟಿದ ಮನೆಯಲ್ಲೇ ಬಾಡಿಗೆದಾರರಾಗಿ ಮುಪ್ಪಾದವರಿದ್ದಾರೆ. ಬರ್ಲಿನ್‌ನ ಬಾಡಿಗೆದಾರರ ಸಂಘ, ಅಲ್ಲಿನವರು ಮೀಟರ್‌ಫೆರೈನ್ ಎನ್ನುವುದು, 1888ರಲ್ಲಿ ಸ್ಥಾಪನೆಯಾದದ್ದು. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿದರೆ ಅದರ ಕಚೇರಿಗಳಲ್ಲಿ ವಕೀಲರು ಕುಳಿತು ನಮ್ಮ ಕರಾರು ಪತ್ರವನ್ನು ಓದಿ ಹೇಳುತ್ತಾರೆ, ಬೇಕಾದರೆ ಮಾಲೀಕರಿಗೆ ಪತ್ರ ಬರೆಯುತ್ತಾರೆ. ದೇಶದಾದ್ಯಂತ ಇಂಥ ಸುಮಾರು 300 ಸ್ಥಳೀಯ ಸಂಘಗಳಿವೆ. ಸದಸ್ಯತ್ವದ ಹಣವೂ ಭಾರವೆನಿಸುವವರಿಗೆ ಬರ್ಲಿನ್‌ನ ವಾರ್ಡು ಆಡಳಿತಗಳೇ ಉಚಿತ ಸಲಹೆಯ ಏರ್ಪಾಡು ಮಾಡಿವೆ.

ಒಮ್ಮೆ ನನಗೆ ನೀರು ಮತ್ತು ಚಳಿಗೆ ಮನೆ ಬೆಚ್ಚಗಿಡುವ ವೆಚ್ಚದ ಬಾಕಿಯೆಂದು ಮಾಲೀಕರಿಂದ ದೊಡ್ಡ ಮೊತ್ತದ ಪತ್ರ ಬಂದಿತ್ತು. ಸಂಘದ ಕಚೇರಿಯಲ್ಲಿದ್ದ ವಕೀಲೆ ಪತ್ರದ ಲೆಕ್ಕಕ್ಕಿಂತ ಮೊದಲು ತಾರೀಖನ್ನು ನೋಡಿದರು. ಲೆಕ್ಕದ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಮಾಲೀಕರು ವಿವರ ಕಳುಹಿಸದಿದ್ದರೆ, ತಡವಾದದ್ದು ಅವರ ತಪ್ಪಿನಿಂದಲೇ ಆಗಿದ್ದರೆ, ಹೆಚ್ಚುವರಿ ಹಣ ಕೇಳುವ ಹಕ್ಕು ಅವರಿಗೆ ಉಳಿಯುವುದಿಲ್ಲ ಎಂದು ಅವರು ವಿವರಿಸಿದರು. ಜಗಳವಿಲ್ಲದೆ, ಕೋರ್ಟಿಲ್ಲದೆ, ಒಂದು ಪುಟದ ಉತ್ತರದಲ್ಲಿ ವಿಷಯ ಮುಗಿಯಿತು. ಆ ನಿಯಮ ನನಗೆ ತಾನಾಗಿ ಎಂದಿಗೂ ತಿಳಿಯುತ್ತಿರಲಿಲ್ಲ.

ಈಗ ನಮ್ಮ ಕಾನೂನನ್ನು ನೋಡೋಣ. 1882ರ ಆಸ್ತಿ ವರ್ಗಾವಣೆ ಕಾಯಿದೆ ಇಂದಿಗೂ ನಮ್ಮ ಬಹುಪಾಲು ಬಾಡಿಗೆ ಸಂಬಂಧಗಳನ್ನು ಆಳುತ್ತಿದೆ. 1900ರಲ್ಲಿ ಜಾರಿಗೆ ಬಂದ ಜರ್ಮನಿಯ ನಾಗರಿಕ ಸಂಹಿತೆಗಿಂತ ಅದು ಹಳೆಯದು. ಅದರ 108ನೇ ಕಲಮಿನಲ್ಲಿ ಬಾಡಿಗೆದಾರನ ಪರವಾದ ಮಾತುಗಳು ಸ್ಪಷ್ಟವಾಗಿಯೇ ಇವೆ. ಸಹಜ ಬಳಕೆಯಿಂದ ಆಗುವ ಸವೆತವನ್ನು ಬಿಟ್ಟು ಉಳಿದಂತೆ ಮನೆಯನ್ನು ಇದ್ದ ಸ್ಥಿತಿಯಲ್ಲಿ ಹಿಂತಿರುಗಿಸಿದರೆ ಸಾಕು. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. 109ನೇ ಕಲಮಿನಂತೆ, ಮನೆ ಮಾರಾಟವಾದರೆ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆಯೇ ಹೊರತು ಬಾಡಿಗೆಯ ಕರಾರು ತಾನಾಗಿ ಬಿದ್ದುಹೋಗುವುದಿಲ್ಲ. ಇನ್ನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ ಪ್ರಕಾರ, ಕಾನೂನಿನ ಕ್ರಮವಿಲ್ಲದೆ ಸಾಮಾನು ಹೊರಗಿಟ್ಟು ಬೀಗ ಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯಬಹುದು. ಇವೆಲ್ಲವೂ ಜರ್ಮನಿಯ ಬಾಡಿಗೆದಾರನು ಹೆಮ್ಮೆಯಿಂದ ಹೇಳಿಕೊಳ್ಳುವ ಹಕ್ಕುಗಳಿಗೆ ಬಹಳ ಹತ್ತಿರದವು.

ಹಾಗಿದ್ದೂ ತುಮಕೂರಿನಲ್ಲಿ ಇವು ಏಕೆ ನಡೆಯುವುದಿಲ್ಲ? ಒಂದು ಕಾರಣ ಆ ಕಾಯಿದೆಯೊಳಗೇ ಇದೆ. 108ನೇ ಕಲಮಿನ ರಕ್ಷಣೆಗಳು ‘ಬೇರೆ ಕರಾರು ಇಲ್ಲದಿದ್ದಲ್ಲಿ’ ಮಾತ್ರ ಅನ್ವಯಿಸುತ್ತವೆ. ಕೋರ್ಟಿನ ಸುತ್ತಮುತ್ತಲ ಟೈಪಿಂಗ್ ಅಂಗಡಿಯಲ್ಲಿ ಹೆಸರು, ವಿಳಾಸ, ಮೊತ್ತ ಮಾತ್ರ ಬದಲಿಸಿ ಅಚ್ಚು ಹಾಕಿಸುವ ಹನ್ನೊಂದು ತಿಂಗಳ ಅಗ್ರಿಮೆಂಟ್ ಇದೆಯಲ್ಲ, ಅದರ ಒಂದೊಂದು ಸಾಲೂ ಆ ಬೇರೆ ಕರಾರೇ ಆಗಿರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಹನ್ನೊಂದು ತಿಂಗಳು ಎಂಬ ಪದ್ಧತಿ ಬಂದಿತು, ಮತ್ತು ಪ್ರತಿ ಹನ್ನೊಂದು ತಿಂಗಳಿಗೂ ಬಾಡಿಗೆದಾರ ಹೊಸದಾಗಿ ಮಾಲೀಕರ ಕೃಪೆಗೆ ಕಾಯುವಂತಾಯಿತು. ಜರ್ಮನಿಯಲ್ಲಿ ಸಾಮಾನ್ಯ ಬಾಡಿಗೆ ಕರಾರಿಗೆ ಕೊನೆಯ ದಿನಾಂಕವೇ ಇರುವುದಿಲ್ಲ, ಮತ್ತು ಮುಖ್ಯ ರಕ್ಷಣೆಗಳನ್ನು ಸಹಿ ಹಾಕಿ ಬಿಟ್ಟುಕೊಡಲೂ ಬರುವುದಿಲ್ಲ. ಬಿಟ್ಟುಕೊಟ್ಟೆನೆಂದು ಬರೆದಿದ್ದರೆ ಆ ಸಾಲೇ ಅಸಿಂಧು. ಇದು ನಿಜವಾಗಿಯೂ ದೊಡ್ಡ ವ್ಯತ್ಯಾಸ.

ಎರಡನೆಯ ಕಾರಣ ನಮ್ಮ ರಾಜ್ಯದ ಕಾಯಿದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಜಾಗದಲ್ಲಿ 2001ರ ಕೊನೆಗೆ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯಿದೆ, ಸ್ಥಳವನ್ನು ಅನುಸರಿಸಿ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ತುಮಕೂರಿನಲ್ಲಿ ಒಂದು ಸಣ್ಣ ಕುಟುಂಬ ವಾಸಿಸಬಹುದಾದ ಯಾವ ಮನೆ ಆ ಬಾಡಿಗೆಗೆ ಸಿಕ್ಕೀತು? 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದೂ, ಮಾಲೀಕರು ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕೆಂದೂ, ನೀರು ಮತ್ತು ವಿದ್ಯುತ್ ಕಡಿತಗೊಳಿಸುವಂತಿಲ್ಲವೆಂದೂ ಹೇಳುತ್ತದೆ. ಆದರೆ ಅದು ಮಾದರಿಯಷ್ಟೆ. ರಾಜ್ಯ ತನ್ನದಾಗಿ ಕಾಯಿದೆ ಮಾಡಿದರೆ ಮಾತ್ರ ಅದಕ್ಕೆ ಬಲ.

ಅಡ್ವಾನ್ಸಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಡ ಕುಟುಂಬಕ್ಕೆ ಮನೆ ದುಬಾರಿಯಾಗುವುದು ತಿಂಗಳ ಬಾಡಿಗೆಗಿಂತ ಹೆಚ್ಚಾಗಿ ಇಲ್ಲಿಯೇ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಎಂಬ ರೂಢಿಯ ನೆರಳು ತುಮಕೂರಿನ ಮೇಲೂ ಬಿದ್ದಿದೆ. ಕೈಯಲ್ಲಿ ಅಷ್ಟು ಹಣವಿಲ್ಲದವರು ಚಿನ್ನ ಅಡವಿಟ್ಟೋ ಬಡ್ಡಿಗೆ ತಂದೋ ಕೊಡುತ್ತಾರೆ. ಬಡ್ಡಿ ಅವರು ಕಟ್ಟುತ್ತಾರೆ, ಹಣ ಮಾಲೀಕರ ಬಳಿ ಇರುತ್ತದೆ. ಜರ್ಮನಿಯಲ್ಲಿ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಆ ಹಣವನ್ನು ಮಾಲೀಕರು ತಮ್ಮ ಸ್ವಂತ ಹಣದಿಂದ ಬೇರೆಯಾಗಿ ಬ್ಯಾಂಕಿನಲ್ಲಿ ಇಡಬೇಕು, ಅದರ ಬಡ್ಡಿ ಬಾಡಿಗೆದಾರನಿಗೇ ಸೇರಬೇಕು.

ನನ್ನ ಅಕ್ಕನ ಮಗಳು ಮದುವೆಯಾದ ಮೇಲೆ ಶಿರಾ ಗೇಟ್ ಕಡೆ ಒಂದು ಮನೆಯಲ್ಲಿದ್ದಳು. ಬಿಡುವಾಗ ಮಾಲೀಕರು ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಇವಳು ಬಂದಾಗ ಗೋಡೆಗೆ ಹೊಸ ಬಣ್ಣ ಇರಲಿಲ್ಲ, ಹೋದ ಮೇಲೂ ಅವರು ಬಳಿಸಲಿಲ್ಲ. ಕೇಳಲಿಲ್ಲವೇ ಎಂದು ನಾನು ವಿಚಾರಿಸಿದಾಗ, ‘ಯಾರನ್ನ ಅಂತ ಕೇಳೋದು ಮಾಮ? ಎಲ್ಲ ಕಡೆ ಹಿಂಗೇ ಅಂತಾರೆ’ ಎಂದಳು. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರಲ್ಲಿ ಇದೇ ವಿಷಯವನ್ನು ತೀರ್ಮಾನಿಸಿತು: ಬಣ್ಣ ಬಳಿಯದೆ ಮನೆ ಕೊಟ್ಟು, ಅದಕ್ಕೆ ಬದಲಾಗಿ ಏನೂ ಕೊಡದೆ, ಬಣ್ಣದ ಹೊಣೆಯನ್ನು ಸಿದ್ಧ ನಮೂನೆಯ ಕರಾರಿನಿಂದ ಬಾಡಿಗೆದಾರನ ಮೇಲೆ ಹೇರಲಾಗದು. ಅಲ್ಲಿ ಕೀಲಿ ಕೊಡುವ ದಿನವೇ ಇಬ್ಬರೂ ಕೋಣೆ ಕೋಣೆ ತಿರುಗಿ ಗೋಡೆ, ನಲ್ಲಿ, ಕಿಟಕಿ, ಮೀಟರಿನ ಓದು ಎಲ್ಲವನ್ನೂ ಬರೆದು ಸಹಿ ಹಾಕುವ ರೂಢಿಯಿದೆ. ಇದನ್ನು ತುಮಕೂರಿನಲ್ಲಿ ಆರಂಭಿಸಲು ಯಾವ ಕಾಯಿದೆಯೂ ಬೇಕಿಲ್ಲ, ಮೊಬೈಲಿನಲ್ಲಿ ಫೋಟೊ ತೆಗೆದು ಪರಸ್ಪರ ಕಳುಹಿಸಿಕೊಂಡರೂ ಅರ್ಧ ಜಗಳ ನಿಲ್ಲುತ್ತದೆ.

ಭೋಗ್ಯದ ಮನೆಗಳ ವಿಷಯ ಇನ್ನೂ ಗಂಭೀರ. ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣ ಹಿಂಪಡೆಯುವ ಈ ಪದ್ಧತಿಗೆ ಹೋಲುವಂಥದ್ದು ಬರ್ಲಿನ್‌ನಲ್ಲಿ ಇಲ್ಲ. ನಂಬಿಕೆಯಿದ್ದಲ್ಲಿ ಇದು ಕೆಳ ಮಧ್ಯಮ ವರ್ಗಕ್ಕೆ ಉಪಕಾರಿಯೇ. ಆದರೆ ಆ ಮನೆಯ ಮೇಲೆ ಮಾಲೀಕರು ಸಾಲ ಮಾಡಿ ಕಟ್ಟದೆ ಹೋದರೆ, 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗದೆಯೇ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳಬಲ್ಲದು, ಮತ್ತು ನೋಂದಣಿಯಾಗದ ಭೋಗ್ಯ ಪತ್ರ ಹಿಡಿದ ಕುಟುಂಬದ ಮಾತು ಅಲ್ಲಿ ಬಹಳ ದುರ್ಬಲವಾಗುತ್ತದೆ. ಹಣ ಕೊಡುವ ಮೊದಲು ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಬೇಕು. ಅದೂ ಸಾಲದು, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು, ಏಕೆಂದರೆ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ಪಡೆದಿದ್ದರೆ ಮೂಲ ಪ್ರತಿ ಮಾಲೀಕರ ಬಳಿ ಇರುವುದಿಲ್ಲ. ಜೀವಮಾನದ ಉಳಿತಾಯವನ್ನು ಕೊಡುವವರಿಗೆ ಈ ಎರಡು ಮಾತನ್ನು ಹೇಳುವವರು ಬೇಕಲ್ಲವೇ? ಬ್ರೋಕರ್ ಹೇಳುವುದಿಲ್ಲ, ಅವನ ಕಮಿಷನ್ ವ್ಯವಹಾರ ಮುಗಿದರೆ ಮಾತ್ರ.

ಕೈಗೆಟಕುವ ಬಾಡಿಗೆ ಎಂದರೆ ಎಷ್ಟು ಎಂದು ತಿಳಿಯಲು ಜರ್ಮನಿಯ ನಗರಗಳು ಬಾಡಿಗೆ ದರ್ಪಣವೆಂಬ ಪಟ್ಟಿಯನ್ನು ಪ್ರಕಟಿಸುತ್ತವೆ. ಹಿಂದಿನ ಆರು ವರ್ಷಗಳಲ್ಲಿ ಒಪ್ಪಂದವಾದ ಅಥವಾ ಬದಲಾದ ಬಾಡಿಗೆಗಳನ್ನು ಮನೆಯ ಅಳತೆ, ಕಟ್ಟಿದ ಕಾಲ, ಸೌಕರ್ಯ ಮತ್ತು ಬಡಾವಣೆಯ ಪ್ರಕಾರ ವಿಂಗಡಿಸಿದ ಪಟ್ಟಿ ಅದು. 2022ರ ತಿದ್ದುಪಡಿಯ ನಂತರ 50,000ಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಅದು ಕಡ್ಡಾಯ. 2011ರ ಜನಗಣತಿಯಲ್ಲೇ ತುಮಕೂರು 3 ಲಕ್ಷ ದಾಟಿತ್ತು. ನಮ್ಮ ಮಹಾನಗರ ಪಾಲಿಕೆಯ ಬಳಿ ಆಸ್ತಿ ತೆರಿಗೆಗಾಗಿ ಕಟ್ಟಡದ ಅಳತೆ, ವಯಸ್ಸು, ರಸ್ತೆಯ ವಿವರವೆಲ್ಲ ಈಗಾಗಲೇ ಇರುತ್ತದೆ. ಬಾಡಿಗೆಯ ಅಂಕಣವೊಂದನ್ನು ಸೇರಿಸಿ, ಮಾಲೀಕರ ಹೆಸರಿಲ್ಲದೆ ವಾರ್ಡುವಾರು ಸರಾಸರಿಯನ್ನು ಪ್ರಕಟಿಸಿದರೆ, ಮರಳೂರಿನಲ್ಲಿ ಎರಡು ಕೋಣೆಯ ಮನೆಗೆ ನ್ಯಾಯವಾದ ಬಾಡಿಗೆ ಎಷ್ಟೆಂಬುದು ಕೇಳುವವರಿಗೂ ಕೊಡುವವರಿಗೂ ತಿಳಿಯುತ್ತದೆ.

ಜರ್ಮನಿಯಲ್ಲಿ ಎಲ್ಲವೂ ನೆಟ್ಟಗಿದೆ ಎಂದು ನಾನು ಹೇಳಲಾರೆ. ಮನೆಗಳ ಕೊರತೆಯಿರುವ ಊರುಗಳಲ್ಲಿ ಹೊಸ ಬಾಡಿಗೆ ಸ್ಥಳೀಯ ದರಕ್ಕಿಂತ ಶೇ. 10ಕ್ಕಿಂತ ಹೆಚ್ಚಿರಬಾರದೆಂಬ 2015ರ ನಿಯಮವನ್ನು ಪೀಠೋಪಕರಣ ಸಮೇತ ಬಾಡಿಗೆ ಎಂಬ ನೆಪದಲ್ಲಿ ದಾಟುವವರು ಅನೇಕರು. ಕಡಿಮೆ ಆದಾಯದವರಿಗೆ ಮೀಸಲಾದ ಸರ್ಕಾರಿ ನೆರವಿನ ಮನೆಗಳು 2006ರಲ್ಲಿ 20 ಲಕ್ಷಕ್ಕೂ ಹೆಚ್ಚಿದ್ದವು, ಈಗ ಸುಮಾರು 11 ಲಕ್ಷಕ್ಕೆ ಇಳಿದಿವೆ. ಒಂದು ಮನೆ ನೋಡಲು ಮೆಟ್ಟಿಲ ಉದ್ದಕ್ಕೂ ಜನ ಸಾಲು ನಿಲ್ಲುತ್ತಾರೆ, ನಮ್ಮಂಥ ಹೆಸರಿನವರ ಅರ್ಜಿಗೆ ಉತ್ತರವೇ ಬಾರದಿರುವುದೂ ಉಂಟು. ತುಮಕೂರಿನಲ್ಲಿ ಟು-ಲೆಟ್ ಬೋರ್ಡು ನೋಡಿ ಬೆಲ್ ಒತ್ತಿದರೆ ಅದೇ ಸಂಜೆ ಮಾತು ಮುಗಿಯಬಹುದು; ಕೆಳಗಿನ ಮನೆಯಲ್ಲೇ ಇರುವ ಮಾಲೀಕರು ಕಷ್ಟದ ತಿಂಗಳಿನಲ್ಲಿ ಬಾಡಿಗೆಗೆ ತಾಳಿಕೊಂಡದ್ದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಆ ಸಲುಗೆ ಬರ್ಲಿನ್‌ನಲ್ಲಿ ಇಲ್ಲ.

ಆದರೆ ಅದೇ ಬಾಗಿಲಲ್ಲಿ ‘ನೀವು ಯಾವ ಜನ?’ ಎಂಬ ಪ್ರಶ್ನೆಯೂ ಬರುತ್ತದೆ. ದಲಿತರಿಗೆ, ಮುಸ್ಲಿಮರಿಗೆ, ಒಂಟಿ ಹೆಣ್ಣುಮಕ್ಕಳಿಗೆ ಮನೆ ಖಾಲಿಯಿದ್ದೂ ಇಲ್ಲವಾಗುತ್ತದೆ. ಬಾಡಿಗೆ ಕಡಿಮೆಯಿದ್ದು ಏನು ಬಂತು, ಬಾಗಿಲೇ ತೆರೆಯದಿದ್ದರೆ? ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಒಬ್ಬರು ಮನೆ ಪಡೆದು ವಾಸಿಸುವುದಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದು ಊರಿನಲ್ಲಿ ಎಷ್ಟು ಜನರಿಗೆ ಗೊತ್ತು ಎಂದು ನನಗೆ ನೋವಿನಿಂದಲೇ ಅನಿಸುತ್ತದೆ.

ಕೇಳುವ ಜಾಗವನ್ನು ಕಟ್ಟಲು ಬೇಕಾದ ಅಡಿಪಾಯ ನಮ್ಮಲ್ಲಿ ಆಗಲೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರವಿದೆ, 15100 ಎಂಬ ಸಹಾಯವಾಣಿಯೂ ಇದೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಇಲ್ಲಿ ಉಚಿತ ನೆರವಿಗೆ ಅರ್ಹರು. ಎಂದರೆ ವಸಂತನರಸಾಪುರದಲ್ಲಿ ದುಡಿಯುವ ಬಹುತೇಕ ಬಾಡಿಗೆದಾರರು ಈಗಲೇ ಅರ್ಹರು. ಅಲ್ಲಿಗೆ ಜನ ಹೋಗುವುದು ಜಗಳ ಕೋರ್ಟು ಮುಟ್ಟಿದ ಮೇಲೆ. ಸಹಿ ಹಾಕುವ ಮೊದಲೇ ಹೋಗುವಂತೆ, ಪ್ರಾಧಿಕಾರ ಮತ್ತು ಪಾಲಿಕೆ ಸೇರಿ ಬಾಡಿಗೆಗೆಂದೇ ಒಂದು ಸಲಹಾ ಮೇಜನ್ನು ಇಡಬೇಕೆಂಬುದು ನನ್ನ ಕೋರಿಕೆ. ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಹಿರಿಯ ವಕೀಲರ ಉಸ್ತುವಾರಿಯಲ್ಲಿ ಅಲ್ಲಿ ಕುಳಿತು ಕಲಿಯಲೂಬಹುದು.

ಆ ಮೇಜಿನ ಮೊದಲ ಕೆಲಸ ಟೈಪಿಂಗ್ ಅಂಗಡಿಗಳಿಗೆ ಕೊಡಬಹುದಾದ ಸರಳ ಕನ್ನಡದ ಕರಾರು ನಮೂನೆಯಾಗಬೇಕು. ಅಡ್ವಾನ್ಸ್ ಎಷ್ಟು, ಯಾವ ಕಾರಣಕ್ಕೆ ಎಷ್ಟು ಹಿಡಿಯಬಹುದು, ಎಷ್ಟು ದಿನದಲ್ಲಿ ಹಿಂತಿರುಗಿಸಬೇಕು, ಬೋರ್ ನೀರಿಗೆ ಮತ್ತು ದುರಸ್ತಿಗೆ ಯಾರು ಹೊಣೆ, ಕರೆಂಟಿನ ಮೀಟರ್ ಪ್ರತ್ಯೇಕವೇ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಕೊನೆಯದು ಸಣ್ಣ ಮಾತಲ್ಲ: 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಮೂರು ಮನೆಗೆ ಒಂದೇ ಮೀಟರ್ ಇಟ್ಟ ವಠಾರದಲ್ಲಿ ಅದರ ಲಾಭ ಬಾಡಿಗೆದಾರನ ಮನೆ ಮುಟ್ಟುವುದಿಲ್ಲ. ನಮೂನೆ ಮಾಲೀಕರಿಗೂ ಉಪಯೋಗಕ್ಕೆ ಬರಬೇಕು. ಮನೆ ಬಾಡಿಗೆಯನ್ನೇ ನಂಬಿ ಬದುಕುವ ನಿವೃತ್ತರೂ ವಿಧವೆಯರೂ ಇದೇ ಊರಿನಲ್ಲಿದ್ದಾರೆ, ಬಾಡಿಗೆ ಕೊಡದೆ ಮನೆಯೂ ಬಿಡದೆ ಸತಾಯಿಸುವವರಿಂದ ನೊಂದವರಿದ್ದಾರೆ. ಮೇಜು ಭಾನುವಾರವೂ ತೆರೆದಿರಲಿ, ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವರಿಗೆ ವಾರದ ಉಳಿದ ದಿನಗಳಲ್ಲಿ ಕೋರ್ಟಿನ ಹತ್ತಿರ ಬರಲು ಒಂದು ದಿನದ ಸಂಬಳ ಬಿಡಬೇಕಾಗುತ್ತದೆ.