ಶಿವನ ಹೆಸರಿನ ಪ್ರಾಣಿಯನ್ನು ಆನೆ ಮಾಡಬೇಡಿ

ಶಿವಥೀರಿಯಂ ಬಗ್ಗೆ ಬರುವ ಫಾರ್ವರ್ಡ್‌ಗಳ ಮೇಲೆ ನನ್ನದೊಂದು ತಕರಾರಿದೆ. ಯಾಕೆ ಎಲ್ಲರೂ ಅದನ್ನು ಆನೆ ಗಾತ್ರಕ್ಕೆ ಉಬ್ಬಿಸುತ್ತಾರೆ? ಇದ್ದ ಹಾಗೇ ಹೇಳಿದರೆ ಏನು ಕಮ್ಮಿ?

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇದು ಜಿರಾಫೆಯ ಹಳೆಯ ಬಂಧು. ಅಳಿದುಹೋಗಿ ಎಷ್ಟೋ ಕಾಲವಾಯಿತು. ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳಲ್ಲಿ ಇದರ ಪಳೆಯುಳಿಕೆ ಸಿಕ್ಕಿತು. ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೋಬಿ ಕಾಟ್ಲಿ ಸೇರಿ 1836ರಲ್ಲಿ ಅದಕ್ಕೆ ಶಿವನ ಹೆಸರಿಟ್ಟರು. ಆಮೇಲೆ ಜಿರಾಫೆ ಕುಟುಂಬದ ಇನ್ನೆರಡು ಪಳೆಯುಳಿಕೆಗಳಿಗೆ ಬ್ರಹ್ಮ, ವಿಷ್ಣು ಹೆಸರೂ ಬಿದ್ದವು. ತ್ರಿಮೂರ್ತಿಗಳ ಲೆಕ್ಕ ಭರ್ತಿ!

ಆನೆ ಕಥೆ ಶುರುವಾಗಿದ್ದೂ ಇವರಿಬ್ಬರಿಂದಲೇ. ತಲೆಬುರುಡೆ ಭಾರಿಯಾಗಿತ್ತು. ಮೂಗಿನ ಎಲುಬು ನೋಡಿ ಸೊಂಡಿಲೂ ಇತ್ತು ಅಂದುಕೊಂಡರು. ಬೈಯುವ ಹಾಗಿಲ್ಲ ಬಿಡಿ. ಹೋಲಿಸಿ ನೋಡಲು ಗಿಡ್ಡ ಕತ್ತಿನ ಜಿರಾಫೆ ಬಂಧು ಆಗ ಅವರಿಗೆ ಗೊತ್ತಿರಲಿಲ್ಲ. ಉದ್ದ ಕತ್ತಿಲ್ಲದ ಜಿರಾಫೆ ಬಂಧು ಒಕಾಪಿ, ಇವತ್ತಿಗೂ ಬದುಕಿರುವಂಥದ್ದು, ವಿಜ್ಞಾನದ ಪುಸ್ತಕಕ್ಕೆ ಬಂದಿದ್ದೇ 1901ರಲ್ಲಿ. ಆದರೂ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೋಫ್ರ್ವಾ ಸೇಂತಿಲೇರ್ ಆಗಲೇ 'ಇದು ಜಿರಾಫೆ ಕಡೆಯದು' ಅಂದಿದ್ದರು. ಆ ಮಾತು ಎಲ್ಲರೂ ಒಪ್ಪುವುದಕ್ಕೆ ಬಹಳ ಕಾಲ ಹಿಡಿಯಿತು.

2016ರಲ್ಲಿ ವಿಜ್ಞಾನಿ ಕ್ರಿಸ್ಟೋಫರ್ ಬಸು ಮತ್ತು ಸಂಗಡಿಗರು ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಅದೇ ಎಲುಬುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ತೂಕ ಲೆಕ್ಕ ಹಾಕಿದರು. ಸುಮಾರು 1,250 ಕಿಲೊ ಬಂತು. ಲೆಕ್ಕವನ್ನು ಎಷ್ಟು ಎಳೆದರೂ 1,800ರ ಆಸುಪಾಸು. ದೊಡ್ಡ ಗಂಡಾನೆ ಅದರ ಎರಡು ಪಟ್ಟಿಗಿಂತ ಜಾಸ್ತಿಯೇ ತೂಗುತ್ತದೆ.

ನನಗೆ ನಿಜವಾದ ಮಜಾ ಕಾಣುವುದು ಇಲ್ಲೇ. ಮೈಸೂರು ಝೂನಲ್ಲಿ ಜಿರಾಫೆ ಮುಂದೆ ಕತ್ತೆತ್ತಿ ನಿಂತವರೇ ಅಲ್ವಾ ನಾವೆಲ್ಲ? ದೊಡ್ಡ ಗಂಡು ಜಿರಾಫೆಯ ತೂಕವೂ ಹೆಚ್ಚುಕಮ್ಮಿ ಇಷ್ಟೇ. ಒಂದೇ ಮನೆತನ, ಒಂದೇ ತೂಕ. ಜಿರಾಫೆ ಅದನ್ನು ಎತ್ತರಕ್ಕೆ ಹಾಕಿತು, ಶಿವಥೀರಿಯಂ ಅಗಲಕ್ಕೆ ಹಾಕಿತು. ಕಾಟಿಯ ಹಾಗೆ ದಪ್ಪ ಮೈ, ಗಿಡ್ಡ ಕತ್ತು. ತಲೆ ಮೇಲೆ ಎರಡು ಜೊತೆ ಕೊಂಬು. ಕಣ್ಣಿನ ಮೇಲಿನವು ಸಣ್ಣವು, ಹಿಂದಿನವು ಅಗಲವಾಗಿ ಹರಡಿಕೊಂಡವು. ಆಫ್ರಿಕಾದಲ್ಲೂ ಇದರ ಜಾತಿಗಳಿದ್ದವು. ಅಲ್ಲಿ ಸಿಕ್ಕ ಹಲ್ಲುಗಳನ್ನು ಪರೀಕ್ಷಿಸಿದರೆ, ಹಳೆಯ ಜಾತಿ ಸೊಪ್ಪು ತಿನ್ನುತ್ತಿತ್ತು, ಆಮೇಲಿನದು ಹುಲ್ಲಿಗೆ ಬಾಯಿ ಹಾಕಿತ್ತು. ಜಿರಾಫೆ ಮರ ಬಿಡಲಿಲ್ಲ, ಇದು ನೆಲಕ್ಕೆ ಬಗ್ಗಿತು. ಇಂಥ ಕಥೆ ಇರುವಾಗ ಸುಮ್ನೆ ಆನೆ ಯಾಕೆ ಬೇಕು?

ಇನ್ನೊಂದು ಫಾರ್ವರ್ಡ್ ಇದೆ, 'ನಮ್ಮ ಪೂರ್ವಜರು ಇದನ್ನು ಕಂಡಿದ್ದರು' ಅಂತ. ಅದಕ್ಕೆ ಇರಾಕಿನ ಕಿಶ್‌ನಲ್ಲಿ ಸಿಕ್ಕ ಪ್ರಾಚೀನ ಸುಮೇರಿಯನ್ನರ ತಾಮ್ರದ ಪ್ರಾಣಿಗೊಂಬೆಯೊಂದು ಸಾಕ್ಷಿಯಂತೆ. 1936ರಲ್ಲಿ ಕೋಲ್ಬರ್ಟ್ ಎಂಬ ದೊಡ್ಡ ವಿಜ್ಞಾನಿಯೇ ಅದು ಶಿವಥೀರಿಯಂ ಇರಬಹುದು ಎಂದು ಬರೆದಿದ್ದರು. ನಂತರ ಆ ಗೊಂಬೆಯ ಮುರಿದ ಕೊಂಬಿನ ಚೂರುಗಳು ಮ್ಯೂಸಿಯಮ್ಮಿನ ಉಗ್ರಾಣದಲ್ಲೇ ಸಿಕ್ಕವು. ಕೂಡಿಸಿ ನೋಡಿದರೆ ಜಿಂಕೆ! ಫೋಟೊ ಹಂಚುವವರು ಈ ಚೂರುಗಳ ಮಾತನ್ನು ಮಾತ್ರ ಎತ್ತುವುದಿಲ್ಲ. ಬಂಡೆ ಚಿತ್ರಗಳನ್ನು ತೋರಿಸಿ ವಾದಕ್ಕೆ ಬರುವವರೂ ಇದ್ದಾರೆ. ಬರಲಿ. ಆ ಚಿತ್ರಗಳ ಕಾಲದಷ್ಟು ಈಚಿನ, ಶಿವಥೀರಿಯಂನ ಒಂದೇ ಒಂದು ಎಲುಬು ತಂದು ತೋರಿಸಿದರೆ ನಾನೂ ಒಪ್ಪುತ್ತೇನೆ.