‘ಸಾಧನೆ’ ಅಂತ ಒಂದು ಕಾಲಂ

ಮೊನ್ನೆ ಭಾನುವಾರದ ಕೋಪ ಇನ್ನೂ ಇಳಿದಿಲ್ಲ. ಎರಡು ದಿವಸ ಬಾಯಿಮುಚ್ಚಿ ಕೂತೆ. ಆಗುವುದಿಲ್ಲ ಮಾರಾಯ್ರೇ, ಬರೆದೇಬಿಡುತ್ತೇನೆ.

ಯಾವ ಊರು, ಯಾವ ಸಮಿತಿ ಅಂತ ಕೇಳಬೇಡಿ. ನಮ್ಮ ಕಾಸರಗೋಡಿನಲ್ಲಿ ಸನ್ಮಾನ ಇಲ್ಲದ ಭಾನುವಾರ ಯಾವುದುಂಟು? ವೇದಿಕೆ ಮೇಲೆ ಹದಿನೇಳು ಜನ ಸಾಧಕರು. ಶಾಲು, ಹಾರ, ಫಲಕ, ಹಣ್ಣಿನ ಬುಟ್ಟಿ. ಯಾರ ಸನ್ಮಾನಪತ್ರ ಓದಿದರೂ ಅದರಲ್ಲಿ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಹನ್ನೊಂದನೆಯವರು ಹಾರಕ್ಕೆ ತಲೆಬಗ್ಗಿಸುವ ಹೊತ್ತಿಗೆ ಕೆಳಗೆ ಒಬ್ಬರು ಗ್ಯಾಸ್ ಸಿಲಿಂಡರನ್ನು ಮೆಲ್ಲ ಉರುಳಿಸಿಕೊಂಡು ಹೊರಗೆ ಹೋಗುತ್ತಿದ್ದರು. ಅಡುಗೆಯವರು ಅದನ್ನು ಪೆಂಡಾಲಿನ ಬಟ್ಟೆಗೆ ತಾಗಿಸಿ ಇಟ್ಟಿದ್ದರು, ಉರಿಯುವ ಒಲೆಯ ಪಕ್ಕದಲ್ಲೇ. ನಿರೂಪಕರು ಮೈಕಿನಲ್ಲಿ, "ಯಾರದು ಅಲ್ಲಿ? ದಯವಿಟ್ಟು ಕೂತುಕೊಳ್ಳಿ, ಫೋಟೋಕ್ಕೆ ಅಡ್ಡ ಆಗ್ತಾ ಉಂಟು." ಸಭೆ ನಕ್ಕಿತು. ಅವರು ಸಿಲಿಂಡರನ್ನು ಗಾಳಿ ಆಡುವ ಜಾಗದಲ್ಲಿ ನಿಲ್ಲಿಸಿ, ಕೈ ಒರಸಿಕೊಂಡು ಕೊನೆಯ ಸಾಲಿನಲ್ಲಿ ಕೂತರು.

ಅವರು ಯಾರು ಅಂತ ನಮ್ಮ ಬೈಲಿನವರಿಗೆ ಹೇಳಬೇಕಾಗಿಲ್ಲ. ವಿಲ್ಲೇಜ್ ಆಫೀಸಿನಲ್ಲಿ ಶುರುಮಾಡಿ ತಾಲೂಕು ಆಫೀಸಿನಲ್ಲಿ ಮುಗಿಸಿ ಕಳೆದ ವರ್ಷ ರಿಟೈರ್ಡ್ ಆದವರು. ಮಳೆಗಾಲದಲ್ಲಿ ನಮಗೆ ಸರಕಾರ ಅಂದರೆ ಅವರೇ. ಯಾವ ಕಾಲುಸಂಕ ಮೊದಲು ಮುಳುಗುತ್ತದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಇನ್ಸುಲಿನ್‌ಗೆ ಫ್ರಿಜ್ ಬೇಕು ಎಲ್ಲ ಒಂದು ಹರಿದ ಡೈರಿಯಲ್ಲಿ. ದನ ಬಿಟ್ಟು ಹೊರಡದ ಮುದುಕರ ಪಟ್ಟಿ ಬೇರೆ. ಅಂಥವರಲ್ಲಿ ಮೊದಲು ದನಕ್ಕೆ ಜಾಗ ಮಾಡಿ ಆಮೇಲೆ ಮಾತಾಡಬೇಕಂತೆ. ನಮ್ಮ ಶಾಲೆ ಪರಿಹಾರ ಶಿಬಿರ ಆದ ವರ್ಷ ನಾನು ಅಕ್ಕಿಯ ಲೆಕ್ಕ ಹಿಡಿದು ನಿಂತಿದ್ದೆ. ಅವರು ಕೇಳಿದ್ದು, "ಟೀಚರ್, ಹೆಣ್ಣುಮಕ್ಕಳ ಪಾಯಿಖಾನೆಗೆ ಒಳಗಿಂದ ಚಿಲಕ ಉಂಟಾ?" ಇರಲಿಲ್ಲ. ಇಪ್ಪತ್ತು ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿದ ನನಗೆ ಅದು ಗೊತ್ತೇ ಇರಲಿಲ್ಲ. ಕತ್ತಲಾಗುವುದರೊಳಗೆ ಚಿಲಕ ಬಂತು.

ಮಳೆಯ ಎಚ್ಚರಿಕೆ ನಮ್ಮ ಮೊಬೈಲಿಗೆ ಹೆಚ್ಚಾಗಿ ಮಲಯಾಳದಲ್ಲಿ ಬರುವುದು. ನನ್ನ ಅಮ್ಮನಿಗೆ ಅದು ಬರಿ ಸುರುಳಿ ಸುರುಳಿ ಕೋಲಂ. ಇವರು ಪ್ರತಿ ಸಲ ಕನ್ನಡದಲ್ಲೊಂದು, ತುಳುವಿನಲ್ಲೊಂದು ವಾಯ್ಸ್ ಮೆಸೇಜ್ ಮಾಡಿ ಬಿಡುವರು. ಯೆಲ್ಲೋ ಅಂದರೆ ಒಂದು ದಿನದಲ್ಲಿ 64 ಮಿಲ್ಲಿಮೀಟರ್ ದಾಟಬಹುದು, ಆರೆಂಜ್ ಅಂದರೆ 115 ದಾಟಬಹುದು, ರೆಡ್ ಅಂದರೆ 204ರ ಮೇಲೆ, ಆದ್ದರಿಂದ ತೋಡಿನ ಬದಿಯ ಇಂತಿಂಥ ಮನೆಯವರು ಇವತ್ತೇ ಹೊರಡಿ. ಮೊನ್ನೆಯ ವೇದಿಕೆಯಲ್ಲಿ ಗಡಿನಾಡ ಕನ್ನಡ ಉಳಿಯಬೇಕು ಅಂತ ಮೂರು ಜನ ಸೇರಿ ಮುಕ್ಕಾಲು ಗಂಟೆ ಬೊಬ್ಬೆ ಹೊಡೆದರು. ಮೂವರಿಗೂ ಶಾಲು ಸಿಕ್ಕಿತು.

ಈಗ ನನ್ನದೇ ಮಾನ ಹರಾಜು ಹಾಕುತ್ತೇನೆ. ಆಟಿ ಅಂದರೆ ನಮ್ಮಲ್ಲಿ ಜಡಿಮಳೆಯ ತಿಂಗಳು. ಒಂದು ಆಟಿಯ ಸಂಜೆ ಅವರು ನಮ್ಮ ಮನೆಗೆ ಬಂದರು. ಮನೆಯ ಹಿಂದಿನ ಬರೆಯ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆಯ, ಬುಡದಲ್ಲಿ ತುಂಬ ಹೊತ್ತು ಕೂತು ನೋಡಿದರು. "ಟೀಚರ್, ಒಸರಿನ ನೀರು ಕೆಂಪಾಗಿದೆ. ನಿನ್ನೆವರೆಗೆ ತಿಳಿ ಇತ್ತಲ್ಲ? ಮೇಲಿನ ಗೇರುಮರವೂ ಸ್ವಲ್ಪ ಮಾಲಿದ ಹಾಗೆ ಕಾಣ್ತದೆ. ಅಮ್ಮನನ್ನು ಕರಕೊಂಡು ಇವತ್ತು ಬೇರೆ ಕಡೆ ಮಲಗಿ." ನನಗೆ ಮಂಡೆ ಬಿಸಿ. ಅಮ್ಮ ದೇವರ ದೀಪ ಬಿಟ್ಟು ಬರುವುದಿಲ್ಲ ಅಂತ ಹಟ. ಬೈದುಕೊಂಡೇ ತಮ್ಮನ ಮನೆಗೆ ಹೋದೆವು. ಬೆಳಗ್ಗೆ ಬಂದು ನೋಡಿದರೆ ಬರೆ ಇದ್ದಲ್ಲೇ ಉಂಟು, ಮೇಲಿಂದ ಪಳಪಳ ಬಿಸಿಲು! ‘ರೆಡ್ ಅಲರ್ಟ್ ಅಂದರೆ ಬಟ್ಟೆ ಒಣಗಿಸುವ ದಿನ’ ಅಂತ ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದೆ. ನಲ್ವತ್ತು ಜನ ನಕ್ಕರು. ಅವರೂ ನೋಡಿದ್ದರು, ನೋಡಿದವರ ಪಟ್ಟಿಯಲ್ಲಿ ಹೆಸರು ಇತ್ತು. ಅದೇ ವಾರ ಪಂಚಾಯತಿನವರ ಬೆನ್ನುಹತ್ತಿ ಬರೆಯ ಮೇಲೆ ಅಡ್ಡಕ್ಕೆ ಒಂದು ಕಣಿ ತೋಡಿಸಿ ಮಳೆನೀರು ಪಕ್ಕಕ್ಕೆ ಹೋಗುವ ಹಾಗೆ ಮಾಡಿದರು. ಬರೆ ಇವತ್ತಿನವರೆಗೆ ಬಿದ್ದಿಲ್ಲ.

ಬಿದ್ದಿದ್ದರೆ ಅವರಿಗೆ ಒಂದು ಹೆಸರಾದರೂ ಬರುತ್ತಿತ್ತು ಅಂತ ಈಗ ಅನಿಸುತ್ತದೆ. ಮಣ್ಣು ಕೆದಕುವಾಗ ಫೋಟೋ, ಪತ್ರಿಕೆಯಲ್ಲಿ ಸುದ್ದಿ, ಹಿಂದೆಯೇ ಶಾಲು. 2024ರ ಜುಲೈ 30ರ ನಡುರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಇಳಿದು ಬಂದ ಮೇಲೆ ನಾನು ಆ ಸ್ಟೇಟಸ್ ನೆನಪಾದಾಗಲೆಲ್ಲ ಬೆವರುತ್ತೇನೆ.

"ಅದು ಅವರ ಡ್ಯೂಟಿ ಅಲ್ವಾ ಅಕ್ಕ, ಸಂಬಳ ತಗೊಂಡಿಲ್ವಾ?" ಅಂತ ತಮ್ಮ ಕೇಳಿದ. ಹೌದಪ್ಪ. ಹದಿನೇಳರಲ್ಲಿ ಬ್ಯಾಂಕಿನವರು ಇಬ್ಬರು, ಅವರೇನು ಧರ್ಮಕ್ಕೆ ಸಾಲ ಕೊಟ್ಟರಾ? ಕಂಟ್ರಾಕ್ಟರು ಒಬ್ಬರು, ಅವರ ರಸ್ತೆ ಗಣೇಶ ಚೌತಿಗೆ ಮುಂಚೆ ಎದ್ದು ಹೋಯಿತು. ಸಂಬಳದ ಲೆಕ್ಕ ಇವರ ಹೆಸರು ಬಂದಾಗ ಮಾತ್ರ ಯಾಕೆ ತೆಗೆಯುವುದು? ಫಯರ್‌ಫೋರ್ಸಿನವರದ್ದೂ ಇದೇ ಕತೆ. ಬಾವಿಗೆ ಬಿದ್ದ ದನ, ಪದವಿನ ಮುಳಿಹುಲ್ಲಿಗೆ ಹಿಡಿದ ಬೆಂಕಿ, ಬೆರಳಲ್ಲಿ ಸಿಕ್ಕಿದ ಉಂಗುರ, ಎಲ್ಲಕ್ಕೂ 101. ಉಸಿರು ಕಟ್ಟುವ ಬಾವಿಗೆ ಇಳಿದವರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು? 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು ಸತ್ತ ಅಗ್ನಿಶಾಮಕರ ನೆನಪಿಗೆ ವರ್ಷವೂ ಒಂದು ದಿನ ಇಟ್ಟಿದ್ದಾರೆ. ನಮಗೆ ಆ ದಿನ ವಿಷು ಹಬ್ಬಕ್ಕೆ ಕಣಿ ಇಡುವ ತಯಾರಿ.

2010ರ ಮೇ 22 ನೆನಪುಂಟಲ್ಲ. ಬಜ್ಪೆಯಲ್ಲಿ ವಿಮಾನ ಕಣಿವೆಗೆ ಬಿದ್ದು 158 ಜನ ಹೋದರು, ಉಳಿದವರು ಎಂಟೇ ಜನ. ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಸೂತಕ! ಹೋದವರ ಹೆಸರು ನೆನಪುಂಟು. ಸುಟ್ಟ ದೇಹಗಳ ಪಕ್ಕ ಪಟ್ಟಿ ಹಿಡಿದು, ಅಳುವವರಿಗೆ ಉತ್ತರ ಹೇಳುತ್ತಾ ನಿಂತ ನೌಕರರಲ್ಲಿ ಒಬ್ಬರ ಹೆಸರೂ ನನಗೆ ನೆನಪಿಲ್ಲ. ನಾಚಿಕೆ ಆಗುತ್ತದೆ.

ಹೊರಗಿನವರು ಗುರುತಿಸಲಿಲ್ಲವಾ? ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸತ್ತವರು ಸುಮಾರು 10 ಸಾವಿರ. 2013ರಲ್ಲಿ ಫೈಲಿನ್ ಬಂದಾಗ ಮೊದಲೇ ಸುಮಾರು 10 ಲಕ್ಷ ಜನರನ್ನು ಎಬ್ಬಿಸಿ ಸಾಗಿಸಿದರು, ಸಾವು 50ಕ್ಕಿಂತ ಕಡಿಮೆ. ನಡುವಿನ ಹದಿನಾಲ್ಕು ವರ್ಷ ಯಾರೋ ಕೂತು ನಮ್ಮ ಇವರ ಹಾಗೆ ಡೈರಿ ಬರೆದಿರಬೇಕು. 2023ರಲ್ಲಿ ಕೇಂದ್ರದವರು ಸುಭಾಶ್ಚಂದ್ರ ಬೋಸ್ ಹೆಸರಿನ ವಿಪತ್ತು ನಿರ್ವಹಣೆ ಪುರಸ್ಕಾರವನ್ನು ಒಡಿಶಾದ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟರು. ಜೊತೆಗೆ ಮಿಜೋರಾಮಿನ ಲುಂಗ್ಲೇ ಅಂತ ಒಂದು ಫಯರ್ ಸ್ಟೇಷನ್ನಿಗೂ ಕೊಟ್ಟರು, 2021ರ ಕಾಡ್ಗಿಚ್ಚಿನೊಟ್ಟಿಗೆ 32 ಗಂಟೆಗೂ ಹೆಚ್ಚು ಗುದ್ದಾಡಿದ್ದಕ್ಕೆ. ಒಂದು ಸ್ಟೇಷನ್ನಿಗೆ! ಓದಿ ನನಗೆ ಖುಷಿಯಲ್ಲಿ ಕಣ್ಣು ತುಂಬಿತು.

ಇನ್ನೊಂದು ಮುಚ್ಚಿಟ್ಟಿದ್ದೆ. ಹನ್ನೊಂದನೆಯವರು ಹಾರಕ್ಕೆ ತಲೆಬಗ್ಗಿಸಿದರು ಅಂದೆನಲ್ಲ, ಅದು ನಾನು. ಮೈಕಿನವರು ಅವರನ್ನು ಗದರುವಾಗ ನಾನೂ ಫೋಟೋಕ್ಕೆ ನಗುತ್ತಾ ನಿಂತಿದ್ದೆ. ಕಪಾಟಿನಲ್ಲಿ ಅದು ಆರನೇ ಶಾಲು.

ನಿನ್ನೆ ಸಮಿತಿಯವರಿಗೆ ಫೋನ್ ಮಾಡಿ ಮುಂದಿನ ವರ್ಷಕ್ಕೆ ಇವರ ಹೆಸರು ಹೇಳಿದೆ. "ಆಗಬಹುದು ಟೀಚರ್, ಫಾರಂ ತುಂಬಿಸಿ ಕೊಡಿ" ಅಂದರು. ಫಾರಂನಲ್ಲಿ ‘ಸಾಧನೆ’ ಅಂತ ಒಂದು ಕಾಲಂ. ಒಂದು ಗಂಟೆ ಪೆನ್ನು ಹಿಡಿದು ಕೂತು ಕೊನೆಗೆ ಬರೆದೆ: ‘ಇವರ ಸೇವಾವಧಿಯಲ್ಲಿ ನಮ್ಮ ಮನೆಯ ಹಿಂದಿನ ಬರೆ ಬೀಳಲಿಲ್ಲ.’ ಕೆಳಗೆ ‘ಪುರಾವೆ ಲಗತ್ತಿಸಿ’ ಅಂತ ಉಂಟು. ಒಳಗೆ ಅಮ್ಮ ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದಾಳೆ. ಅವಳದ್ದೊಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಹುಡುಕುತ್ತಾ ಇದ್ದೇನೆ.